ಮಗಳನ್ನು ಕರೆಸಿದ ಜಕ್ಕಿಯಬ್ಬೆ

ಹೆತ್ತವರು ಬದುಕಿದ್ದಾಗ ಅವರ ಬಳಿ ಇರಲಿಲ್ಲವೆಂಬ ಕೊರಗು, ಅದರಲ್ಲೂ ಹರೆಯವನ್ನೆಲ್ಲ ಊರಿಂದ ದೂರ ಕಳೆದವರ ಕೊರಗು, ಹೊಸ ಕಾಲದ್ದೆಂದು ತೋರಿದರೂ ಅದರ ಬೇರುಗಳನ್ನು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಳೆಯ ಬರಹಗಳಲ್ಲಿ ಹುಡುಕಬಹುದು. ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳಲ್ಲಿ ಪ್ರಕಟಿಸಿದ ಇಲ್ಲಿನ ಶಾಸನಗಳಲ್ಲಿ ಸಾವಿನ ಕಲ್ಲುಗಳಿಗೆ ಕೊರತೆಯಿಲ್ಲ. ತುರುಗೋಳಿನಲ್ಲಿ, ಅಂದರೆ ದನ ಹೊಡೆದೊಯ್ಯುವವರೊಡನೆ ನಡೆದ ಕಾಳಗದಲ್ಲಿ, ಮಡಿದವನ ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಹೋರಾಟವೂ ನಡುವೆ ಅವನನ್ನು ಒಯ್ಯುವ ಅಪ್ಸರೆಯರೂ ಮೇಲೆ ಲಿಂಗದ ಮುಂದೆ ಕುಳಿತ ಅವನೂ ಕಾಣುತ್ತಾರೆ. ಗತಿಸಿದವರಿಗೆ ಉಳಿದವರು ಹೀಗೆ ಸಲ್ಲಿಸುವ ಗೌರವವನ್ನು ಶಾಸನಗಳು ಪರೋಕ್ಷವಿನಯ ಎನ್ನುತ್ತವೆ. ಕಲ್ಲು ನಿಲ್ಲಿಸಿದ ಮಗನ ಎದೆಯಲ್ಲಿ ಏನಿತ್ತೆಂಬುದನ್ನು ಹೇಳುವ ಗೋಜಿಗೆ ಅವು ಸಾಮಾನ್ಯವಾಗಿ ಹೋಗುವುದಿಲ್ಲ.

ಕಾವ್ಯ ಅಷ್ಟು ಬಿಗುಮಾನದ್ದಲ್ಲ. ಶಿಕಾರಿಪುರದ ಸಮೀಪದ ಉಡುತಡಿಯಿಂದ ಹರೆಯದಲ್ಲೇ ಹೊರಟ ಅಕ್ಕಮಹಾದೇವಿಯ ಕಥೆಯನ್ನು ಕವಿ ಹರಿಹರ ಹೇಳುವಾಗ ಹೆತ್ತವರನ್ನು ಅವಳು ಸೇರಿದ ಶ್ರೀಶೈಲದವರೆಗೂ ಕರೆತರುತ್ತಾನೆ. ಮಗಳ ಸ್ಥಿತಿ ಕಂಡು ಮರುಗುವವರು ಅವರೇ, ಸಮಾಧಾನ ಹೇಳಿ ಕಳಿಸುವವಳು ಅವಳು. ಮನೆ ಬಿಟ್ಟವಳಿಗೆ ಪಶ್ಚಾತ್ತಾಪ ಅಂಟಿಸದಿರುವುದರಲ್ಲಿ ಹರಿಹರನ ಧೈರ್ಯವಿದೆ, ಹೆತ್ತವರ ಸಂಕಟವನ್ನು ಮರೆಮಾಚದಿರುವುದರಲ್ಲಿ ಅವನ ಪ್ರಾಮಾಣಿಕತೆಯಿದೆ.

ಇವೆರಡಕ್ಕೂ ಬೇರೆಯಾದದ್ದು ಬಂದಳಿಕೆಯ, ಅಂದರೆ ಶಾಸನಗಳ ಬಂದಣಿಕೆಯ, ಒಂದು ಶಾಸನ ಹೇಳುವ ಜಕ್ಕಿಯಬ್ಬೆಯ ಪ್ರಸಂಗ. ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದಲ್ಲಿ, 10ನೆಯ ಶತಮಾನದ ಆರಂಭದಲ್ಲಿ, ಗಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ನಾಗರಖಂಡ 70ರ ನಾಳ್ಗಾವುಂಡಿಕೆ, ಅಂದರೆ ನಾಡಿನ ಗೌಡಿಕೆ, ಅವಳ ಪಾಲಿಗೆ ಬಂತು. ಸಮರ್ಥವಾಗಿ ಆಳಿದ ಅವಳು ಕಾಯಿಲೆ ಬಿದ್ದಾಗ ಮಗಳನ್ನು ಕರೆಸಿ, ತನ್ನದನ್ನೆಲ್ಲ ಅವಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಇದು ಸಲ್ಲೇಖನ, ಅಂದರೆ ಆಹಾರವನ್ನು ಕ್ರಮೇಣ ತೊರೆದು ಸಾವನ್ನು ಎದುರುಗೊಳ್ಳುವ ಜೈನ ವ್ರತ.

ಸಲ್ಲೇಖನ ಸಾಯುವವರಿಗೆ ಮಾತ್ರವಲ್ಲ, ಉಳಿಯುವವರಿಗೂ ಒಂದಿಷ್ಟು ಗಡುವು ಕೊಡುತ್ತದೆಂಬುದು ಧರ್ಮಶಾಸ್ತ್ರದ ಉದ್ದೇಶವಲ್ಲದಿದ್ದರೂ ಈ ಶಾಸನ ಓದುವವರಿಗೆ ಹೊಳೆಯದೆ ಇರದು. ತುರುಗೋಳಿನ ಸಾವಿಗೆ ಆ ವ್ಯವಧಾನವಿರಲಿಲ್ಲ. ಫೋನ್ ಬಂದ ಮೇಲೆ ಬೆಂಗಳೂರಿನ ಕೆಲಸದಿಂದ ಹೊರಟು ಬೆಳಗಿನ ಜಾವ ಊರು ತಲುಪುವ ಮಕ್ಕಳಿಗೂ ಬಹುತೇಕ ಅದು ಸಿಗುವುದಿಲ್ಲ. ಜಕ್ಕಿಯಬ್ಬೆಯ ಮಗಳಿಗೆ ಸಿಕ್ಕಿತು, ಏಕೆಂದರೆ ಹೇಳಿಕಳಿಸಿದವಳು ತಾಯಿಯೇ.