ಕೈತಪ್ಪಿದ ಕಿಲೊಮೀಟರು

ಬೊಲಿವಿಯಾದ ಲಾ ಪಾಜ್‌ನಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 3,400 ಮೀಟರ್ ಎತ್ತರದಲ್ಲಿ, ಒಂದು ಸೈಕಲ್ ಟ್ರ್ಯಾಕ್ ಇದೆ. ಅಲ್ಲಿ ಗಾಳಿ ತೆಳು. ಸೈಕಲ್ಲಿಗೆ ಅಡ್ಡ ಬರುವ ಗಾಳಿಯೂ ಕಡಿಮೆ, ಎದೆಗೆ ಸಿಗುವ ಗಾಳಿಯೂ ಕಡಿಮೆ. 2007ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಕ್ರಿಸ್ ಹೋಯ್ ಆ ಟ್ರ್ಯಾಕಿನಲ್ಲಿ ಒಂದು ಕಿಲೊಮೀಟರನ್ನು 58.880 ಸೆಕೆಂಡಿನಲ್ಲಿ ಮುಗಿಸಿದರು. ಫ್ರಾನ್ಸಿನ ಅರ್ನೊ ಟೂರ್ನಾನ್ 2001ರಲ್ಲಿ ಬರೆದಿದ್ದ ವಿಶ್ವದಾಖಲೆ 58.875. ಆ ವೇಗದಲ್ಲಿ ಈ ವ್ಯತ್ಯಾಸವನ್ನು ನೆಲದ ಮೇಲೆ ಅಳೆದರೆ ಎಂಟು ಸೆಂಟಿಮೀಟರ್ ಚಿಲ್ಲರೆ, ಹೆಚ್ಚುಕಮ್ಮಿ ನಾಲ್ಕು ಬೆರಳಗಲ.  

ಆರು ಒಲಿಂಪಿಕ್ ಚಿನ್ನ, ಹನ್ನೊಂದು ವಿಶ್ವ ಪ್ರಶಸ್ತಿ ಗೆದ್ದವರ ಬಗ್ಗೆ ಬರೆಯುವಾಗ ಸೋತ ದಿನದಿಂದ ಯಾಕೆ ಶುರು ಮಾಡಬೇಕು? ಆ ಹೊತ್ತಿಗೆ ಹೋಯ್ ಅವರ ಆ ಕಿಲೊಮೀಟರಿಗೆ ಒಲಿಂಪಿಕ್ಸ್‌ನಲ್ಲಿ ಜಾಗವೇ ಇರಲಿಲ್ಲ ಎಂಬುದಕ್ಕೆ. ಕಿಲೊ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಿಂದ ಕೈಬಿಡುವುದೆಂದು 2005ರಲ್ಲೇ ತೀರ್ಮಾನವಾಗಿತ್ತು. ಅದು ಖಾಲಿ ಮಾಡಿದ ಜಾಗ ಬಿಎಂಎಕ್ಸ್‌ಗೆ ಹೋಯಿತು.

ವಿಧಿಯ ಕುಚೋದ್ಯ ನೋಡಿ. 1976ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದ ಈ ಹುಡುಗ ಸೈಕಲ್ಲಿನ ಹುಚ್ಚು ಹತ್ತಿಸಿಕೊಂಡದ್ದೇ ಬಿಎಂಎಕ್ಸ್‌ನಿಂದ. ಸ್ಪಿಲ್‌ಬರ್ಗ್ ಅವರ 'ಇ.ಟಿ.' ಸಿನಿಮಾದಲ್ಲಿ ಮಕ್ಕಳು ಬಿಎಂಎಕ್ಸ್ ಸೈಕಲ್ ಹೊಡೆಯುವುದನ್ನು ಆರನೇ ವಯಸ್ಸಿನಲ್ಲಿ ನೋಡಿದ. ಅಮ್ಮ ಹಳೇ ಸಾಮಾನಿನ ಮಾರಾಟದಲ್ಲಿ ಐದು ಪೌಂಡಿಗೆ ಒಂದು ಸೈಕಲ್ ತಂದರು, ಅಪ್ಪ ಅದನ್ನು ಬಿಚ್ಚಿ ಬಿಎಂಎಕ್ಸ್ ಥರ ಕಟ್ಟಿಕೊಟ್ಟರು. ಹದಿನಾಲ್ಕರ ತನಕ ಅದೇ ಗೀಳು. ನಂತರ ಸ್ವಲ್ಪ ಕಾಲ ದೋಣಿ ಹುಟ್ಟು ಹಾಕಿದ್ದೂ ಉಂಟು. ಹದಿಹರೆಯದ ನಡುವಿನಲ್ಲಿ ಮೆಡೊಬ್ಯಾಂಕ್ ಟ್ರ್ಯಾಕಿಗೆ ಬಂದ. 1970ರ ಕಾಮನ್‌ವೆಲ್ತ್ ಕೂಟಕ್ಕೆಂದು ಕಟ್ಟಿದ, ತಲೆಯ ಮೇಲೆ ಸೂರಿಲ್ಲದ ಮರದ ಟ್ರ್ಯಾಕ್ ಅದು. ಎಡಿನ್‌ಬರೊದ ಮಳೆ ಬಂದರೆ ಆ ದಿನದ ಅಭ್ಯಾಸ ಮುಗಿದ ಹಾಗೆ.

ಟ್ರ್ಯಾಕ್ ಸೈಕಲ್ಲಿಗೆ ಬ್ರೇಕಿಲ್ಲ, ಫ್ರೀವೀಲೂ ಇಲ್ಲ. ಚಕ್ರ ತಿರುಗುವಷ್ಟು ಹೊತ್ತು ಪೆಡಲು ತಿರುಗುತ್ತಲೇ ಇರಬೇಕು, ಸುಸ್ತಾಯಿತೆಂದು ಕಾಲು ನಿಲ್ಲಿಸುವ ಹಾಗಿಲ್ಲ. ಕಿಲೊ ಎಂದರೆ 250 ಮೀಟರಿನ ನಾಲ್ಕು ಸುತ್ತು, ನಿಂತಲ್ಲಿಂದ ಹೊರಡಬೇಕು. ಮೊದಲ ಸುತ್ತಿನಲ್ಲಿ ಆ ಭಾರಿ ಗೇರನ್ನು ತುಳಿದು ಎಬ್ಬಿಸುವುದೇ ದೊಡ್ಡ ಕೆಲಸ. ನಡುವಿನ ಎರಡು ಸುತ್ತು ಹಾರಿದಂತೆ ಹೋಗುತ್ತವೆ. ಕೊನೆಯ ಸುತ್ತಿನಲ್ಲಿ ತೊಡೆಗಳಿಗೆ ಸೀಸ ಹುಯ್ದಂತಾಗಿ ಸೈಕಲ್ಲು ಗೆರೆ ಬಿಟ್ಟು ಓಲಾಡತೊಡಗುತ್ತದೆ. ಎದುರಾಳಿ ಯಾರೂ ಇಲ್ಲ, ಗಡಿಯಾರ ಮಾತ್ರ. ಗೆದ್ದವರೂ ಇಳಿದ ಮೇಲೆ ಹತ್ತಿಪ್ಪತ್ತು ನಿಮಿಷ ನೆಲದಲ್ಲಿ ಹೊರಳಾಡುವ ಆಟವಿದು.

2004ರ ಅಥೆನ್ಸ್‌ನಲ್ಲಿ ವಿಶ್ವ ಚಾಂಪಿಯನ್ ಎಂಬ ಕಾರಣಕ್ಕೆ ಹೋಯ್ ಸರದಿ ಕೊನೆಯದು. ಅವರು ಕಾಯುತ್ತಿದ್ದಂತೆ ಆಸ್ಟ್ರೇಲಿಯಾದ ಶೇನ್ ಕೆಲಿ, ಜರ್ಮನಿಯ ಸ್ಟೀಫನ್ ನಿಮ್ಕೆ, ಟೂರ್ನಾನ್ ಒಬ್ಬರ ಹಿಂದೊಬ್ಬರು ಹಿಂದಿನವರ ಸಮಯವನ್ನು ಮುರಿಯುತ್ತ ಹೋದರು. ಟೂರ್ನಾನ್ 1:00.896ಕ್ಕೆ ನಿಂತಾಗ, ಕುರ್ಚಿಯಲ್ಲಿ ಕೂತವರ ಎದೆ ಒಡೆಯಬೇಕು. ಆದರೆ ನಿನಗಿಂತ ಮೊದಲು ಯಾರಾದರೂ ದಾಖಲೆ ಮುರಿದರೆ ಏನು ಮಾಡುತ್ತೀ ಎಂದು ತಂಡದ ಮನೋವೈದ್ಯ ಸ್ಟೀವ್ ಪೀಟರ್ಸ್ ಮೊದಲೇ ಕೇಳಿಟ್ಟಿದ್ದರಂತೆ. ಆ ಗಳಿಗೆಯನ್ನು ಹೋಯ್ ಮನಸ್ಸಿನಲ್ಲಿ ಎಷ್ಟೋ ಸಲ ಬದುಕಿಬಿಟ್ಟಿದ್ದರು. ಗೇಟು ಬಿಟ್ಟುಕೊಂಡಿತು. 1:00.711. ಮೊದಲ ಚಿನ್ನ.

ಆಮೇಲೆ ಆ ಸ್ಪರ್ಧೆಯನ್ನೇ ಕಿತ್ತರು. ಇನ್ನೇನು ಮೂವತ್ತು ತುಂಬಲಿದ್ದ ಆಟಗಾರ. ಕೈಲಿ ಒಲಿಂಪಿಕ್ ಚಿನ್ನ ಇತ್ತು, ಗೌರವದಿಂದ ಮನೆಗೆ ಹೋಗಬಹುದಿತ್ತು. ನನ್ನ ಪ್ರಕಾರ ಹೋಯ್ ಅವರ ದೊಡ್ಡಸ್ತಿಕೆ ಇರುವುದು ಅಲ್ಲಿಂದ ಮುಂದಿನ ಮೂರು ವರ್ಷಗಳಲ್ಲಿ. ಪದಕಗಳ ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಉಳಿದಿದ್ದ ಸ್ಪ್ರಿಂಟ್, ಕೀರಿನ್ ಎರಡೂ ಬೇರೆಯೇ ಜಾತಿಯವು. ಸ್ಪ್ರಿಂಟ್‌ನಲ್ಲಿ ಇಬ್ಬರು ಸವಾರರು ಬೆಕ್ಕುಗಳ ಹಾಗೆ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತ, ಇಳಿಜಾರಿನ ಮೇಲ್ತುದಿಗೆ ಹತ್ತುತ್ತ, ನಿಂತೇಬಿಟ್ಟರೇನೋ ಎನ್ನುವಷ್ಟು ನಿಧಾನವಾಗಿ ಸಾಗಿ ಒಮ್ಮೆಲೇ ಧುಮುಕುತ್ತಾರೆ. ಜಪಾನಿನಲ್ಲಿ ಬಾಜಿ ಕಟ್ಟುವ ಆಟವಾಗಿ 1948ರಲ್ಲಿ ಹುಟ್ಟಿದ ಕೀರಿನ್‌ನಲ್ಲಿ ಮೋಟಾರು ಗಾಡಿಯೊಂದು ಎಲ್ಲರನ್ನೂ ಎಳೆದುಕೊಂಡು ಬಂದು ಪಕ್ಕಕ್ಕೆ ಸರಿಯುತ್ತದೆ, ಆಮೇಲೆ ಮೊಣಕೈ ಮೊಣಕೈ ತಾಗುವ ನುಗ್ಗಾಟ. ಗಡಿಯಾರದ ಜೊತೆ ಒಬ್ಬಂಟಿಯಾಗಿ ಗುದ್ದಾಡಿದವರಿಗೆ ಈ ಕಳ್ಳಾಟ ಒಲಿಯುತ್ತದೆಯೇ ಎಂದು ಅನುಮಾನಪಟ್ಟವರು ಬಹಳ ಮಂದಿ. ಹೋಯ್ ಕಳ್ಳಾಟವನ್ನು ಅಗತ್ಯವಿದ್ದಷ್ಟೇ ಕಲಿತರು. ಉಳಿದದ್ದಕ್ಕೆ ತಮ್ಮ ಕಿಲೊ ಕಾಲುಗಳನ್ನೇ ನಂಬಿದರು. ಬೇಗ ಮುಂದೆ ಬರುವುದು, ಹಿಂದಿದ್ದವರು ಪಕ್ಕಕ್ಕೆ ಬರಲೂ ಆಗದಷ್ಟು ದೂರ ಅದೇ ವೇಗ ಹಿಡಿಯುವುದು. ಕಿತ್ತುಕೊಂಡ ಸ್ಪರ್ಧೆಯನ್ನು ಕೀರಿನ್‌ನೊಳಗೆ ಗುಟ್ಟಾಗಿ ಸಾಗಿಸಿದರು ಎಂದರೂ ನಡೆದೀತು.

2008ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸ್ಪ್ರಿಂಟ್ ವಿಶ್ವ ಪ್ರಶಸ್ತಿ ಬಂತು. 1954ರ ರೆಜ್ ಹ್ಯಾರಿಸ್ ನಂತರ ಬ್ರಿಟನ್ನಿನ ಗಂಡಸರು ಯಾರೂ ಅದನ್ನು ಗೆದ್ದಿರಲಿಲ್ಲ. ಆಗಸ್ಟ್‌ನಲ್ಲಿ ಬೀಜಿಂಗ್: ತಂಡ ಸ್ಪ್ರಿಂಟ್, ಕೀರಿನ್, ಸ್ಪ್ರಿಂಟ್, ಮೂರೂ ಚಿನ್ನ. ಒಂದೇ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಬ್ರಿಟಿಷ್ ಆಟಗಾರ 1908ರ ಈಜುಗಾರ ಹೆನ್ರಿ ಟೇಲರ್ ನಂತರ ಇವರೇ. ವರ್ಷ ಕಳೆಯುವಷ್ಟರಲ್ಲಿ ಸರ್ ಪದವಿ.

ಇದು ಒಬ್ಬರ ಕಾಲಿನ ಬಲದಿಂದಲೇ ಆದದ್ದಲ್ಲ. 1996ರ ಅಟ್ಲಾಂಟಾದಲ್ಲಿ ಇಡೀ ಬ್ರಿಟನ್ ಗೆದ್ದದ್ದು ಒಂದೇ ಚಿನ್ನ. ಆಮೇಲೆ ಲಾಟರಿ ದುಡ್ಡು ಕ್ರೀಡೆಗೆ ಹರಿಯಿತು, ಮ್ಯಾಂಚೆಸ್ಟರ್‌ನ ಒಳಾಂಗಣ ಟ್ರ್ಯಾಕ್ ಕಾರ್ಯಾಗಾರವಾಯಿತು. ಹೋಯ್ ಆ ವ್ಯವಸ್ಥೆಯ ಮೊದಲ ಬೆಳೆ. ಬಡವರು ಕೊಂಡ ಟಿಕೆಟ್ಟುಗಳ ಹಣದಿಂದ ಪದಕ ಕಟ್ಟುವುದು ಸರಿಯೇ ಎಂಬ ಪ್ರಶ್ನೆ ಅಲ್ಲಿ ಇಂದಿಗೂ ಇದೆ, ಇರಬೇಕಾದ್ದೇ.

ಲಂಡನ್ 2012ರಲ್ಲಿ ಉದ್ಘಾಟನೆಯ ದಿನ ಬಾವುಟ ಹಿಡಿದವರು ಹೋಯ್. ಆದರೆ ಆಗಲೇ ಇನ್ನೊಂದು ಕೈತಪ್ಪಿತ್ತು. ವೈಯಕ್ತಿಕ ಸ್ಪ್ರಿಂಟ್‌ಗೆ ದೇಶಕ್ಕೊಬ್ಬರೇ ಎಂಬ ಹೊಸ ನಿಯಮದಲ್ಲಿ ತಂಡ ಆರಿಸಿದ್ದು ಕಿರಿಯ ಜೇಸನ್ ಕೆನಿಯನ್ನು. ಬೀಜಿಂಗ್ ಫೈನಲ್‌ನಲ್ಲಿ ಹೋಯ್ ಸೋಲಿಸಿದ್ದು ಇದೇ ಕೆನಿಯನ್ನು. ಕೆನಿ ಚಿನ್ನ ಗೆದ್ದದ್ದರಿಂದ ಆಯ್ಕೆಯ ಬಗ್ಗೆ ಮಾತು ಉಳಿಯಲಿಲ್ಲ. ತಂಡ ಸ್ಪ್ರಿಂಟ್ ಚಿನ್ನದ ಬಗ್ಗೆ ಮಾತ್ರ ನನಗೆ ಕಸಿವಿಸಿ ಇದೆ. ಮೊದಲ ಸುತ್ತಿನಲ್ಲಿ ಹೊರಡುವಾಗಲೇ ಎಡವಟ್ಟಾದಾಗ ಹೋಯ್ ಅವರ ಜೊತೆಗಾರ ಫಿಲಿಪ್ ಹಿಂಡೆಸ್ ಬಿದ್ದರು. ಮರು ಆರಂಭ ಸಿಗಲೆಂದು ಬೇಕೆಂದೇ ಬಿದ್ದೆ ಎಂದು ಆಮೇಲೆ ಹೇಳಿ, ನಂತರ ಆ ಮಾತನ್ನು ತಿರುಗಿಸಲಾಯಿತು. ನಿಯಮ ಮುರಿದಿಲ್ಲವೆಂದು ಫಲಿತಾಂಶ ಉಳಿಯಿತು. ಬೆಳ್ಳಿಗೆ ತೃಪ್ತಿಪಟ್ಟ ಫ್ರೆಂಚರ ಜಾಗದಲ್ಲಿ ಬ್ರಿಟಿಷರೇ ಇದ್ದಿದ್ದರೆ ಲಂಡನ್ನಿನ ಪತ್ರಿಕೆಗಳು ಇಷ್ಟು ಬೇಗ ಮರೆಯುತ್ತಿರಲಿಲ್ಲ.

ಕೀರಿನ್ ಫೈನಲ್‌ನಲ್ಲಿ ಅಂಥ ಯಾವ ಕಳಂಕವೂ ಇಲ್ಲ. 36 ವರ್ಷದ ಹೋಯ್ ಎಂದಿನಂತೆ ಮುಂದೆ ಬಂದರು. ಕೊನೆಯ ಸುತ್ತಿನಲ್ಲಿ ಜರ್ಮನಿಯ ಮ್ಯಾಕ್ಸಿಮಿಲಿಯನ್ ಲೆವಿ ಹೋಯ್ ಅವರನ್ನು ದಾಟಿಯೇಬಿಟ್ಟರು ಅನ್ನಿಸಿತು. ಕೀರಿನ್‌ನಲ್ಲಿ ಹಾಗೆ ಹಿಂದೆ ಬಿದ್ದವರು ಮತ್ತೆ ಮುಂದೆ ಬರುವುದು ಅಪರೂಪ. ಕೊನೆಯ ತಿರುವಿನಲ್ಲಿ ಹೋಯ್ ಹಲ್ಲು ಕಚ್ಚಿ ತುಳಿದು ಮತ್ತೆ ಮುಂದಾದರು. ಆ ಕೊನೆಯ ನೂರು ಮೀಟರು ಕೀರಿನ್ನೇ ಅಲ್ಲ, ಅಥೆನ್ಸ್‌ನ ಕಿಲೊವಿನ ನಾಲ್ಕನೇ ಸುತ್ತು. ಆರನೇ ಚಿನ್ನ. ದೋಣಿ ಸ್ಪರ್ಧೆಯ ಸ್ಟೀವ್ ರೆಡ್‌ಗ್ರೇವ್ ಅವರ ಐದನ್ನು ದಾಟಿದಂತಾಯಿತು. 2013ರ ಏಪ್ರಿಲ್‌ನಲ್ಲಿ ನಿವೃತ್ತಿ.

ದಾಖಲೆಗಳ ಲೆಕ್ಕ ಹಿಡಿದರೆ ಉಳಿದದ್ದು ಕಡಿಮೆ. ನಾಲ್ಕು ಬೆರಳಗಲದಲ್ಲಿ ತಪ್ಪಿದ ಕಿಲೊ ದಾಖಲೆಯನ್ನು 2013ರ ಕೊನೆಯಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಪರ್ವಿಸ್ 56.303ಕ್ಕೆ ಇಳಿಸಿದರು. 2021ರಲ್ಲಿ ಟೋಕಿಯೊ ಕೂಟದಲ್ಲಿ ಕೆನಿ ಏಳನೇ ಚಿನ್ನ ಗೆದ್ದು ಹಿರಿಯರನ್ನು ಹಿಂದಿಕ್ಕಿದ್ದೂ ಕೀರಿನ್‌ನಲ್ಲೇ, ಬಹಳ ಬೇಗ ಮುಂದೆ ಹೋಗಿ.

2023ರಲ್ಲಿ ಹೋಯ್ ಅವರಿಗೆ ಭುಜ ನೋವು. ವ್ಯಾಯಾಮದಲ್ಲಿ ಉಳುಕಿರಬೇಕು ಅಂದುಕೊಂಡರು. ಸ್ಕ್ಯಾನ್‌ನಲ್ಲಿ ಕಂಡದ್ದು ಪ್ರಾಸ್ಟೇಟ್‌ನಿಂದ ಎಲುಬಿಗೆ ಹರಡಿದ ಕ್ಯಾನ್ಸರ್. ಗುಣವಾಗುವಂಥದ್ದಲ್ಲ ಎಂದು 2024ರ ಅಕ್ಟೋಬರಿನಲ್ಲಿ ಅವರೇ ಹೇಳಿದರು. ಅಲ್ಲಿಂದೀಚೆಗೆ ಗಂಡಸರು ಸಂಕೋಚ ಬಿಟ್ಟು ತಪಾಸಣೆ ಮಾಡಿಸಿಕೊಳ್ಳಲಿ ಎಂದು ಹೋದಲ್ಲೆಲ್ಲ ಹೇಳುತ್ತಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಅವರ ಕರೆಗೆ ಓಗೊಟ್ಟು ಸಾವಿರಾರು ಜನ ಗ್ಲಾಸ್ಗೊದಲ್ಲಿ ಸೈಕಲ್ ಹತ್ತಿದರು. ನಾಲ್ಕನೇ ಹಂತದ ಕ್ಯಾನ್ಸರ್ ಇರುವವರೂ ಅವರಲ್ಲಿದ್ದರು. ಸವಾರಿ ಹೊರಟದ್ದು 2012ರಲ್ಲಿ ತೆರೆದ, ಹೋಯ್ ಅವರದೇ ಹೆಸರಿನ ವೆಲೊಡ್ರೋಮ್‌ನಿಂದ. ಅದಕ್ಕೆ ಸೂರಿದೆ.