ಔಷಧಿ ಶಾಂಪೂ ಎಂದರೆ ಸೋಪಲ್ಲ: ಕೂದಲು ಕಸಿ ಮಾಡಿಸಿಕೊಂಡವರಿಗೆ ಕೆಲವು ಮಾತು

"ಡಾಕ್ಟರ್ ಸಾಬ, ತಲಿ ಭಾಳ ತುರಸ್ತೈತ್ರಿ. ಹೊಟ್ಟು ಉದರಾಕತ್ತೈತಿ. ಮೆಡಿಕಲ್‌ನ್ಯಾಗ ಕೇಳಿ ಈ ಶಾಂಪೂ ಹಚ್ಚಿ ತಿಕ್ಕೀನ್ರಿ" ಎನ್ನುತ್ತಾ ಯುವಕನೊಬ್ಬ ಟೋಪಿ ತೆಗೆದ. ನೆತ್ತಿಯ ಮುಂಭಾಗ ಕೆಂಪಾಗಿತ್ತು. ನಾಲ್ಕೈದು ಕಡೆ ರಕ್ತ ಜಿನುಗಿ ಒಣಗಿತ್ತು. ವಿಚಾರಿಸಿದಾಗ ದೂರದ ಊರಿನಲ್ಲಿ ಕೂದಲು ಕಸಿ ಮಾಡಿಸಿಕೊಂಡು ಬಂದು ಐದು ದಿನ ಆಗಿತ್ತೆಂದು ತಿಳಿಯಿತು. ಅವನು ಹೊಟ್ಟು ಎಂದುಕೊಂಡದ್ದು ಹೊಟ್ಟಾಗಿರಲಿಲ್ಲ. ನೆಟ್ಟ ಕೂದಲಿನ ಸುತ್ತ ಗಾಯ ಮಾಯುವಾಗ ಕಟ್ಟುವ ಹಕ್ಕಳೆ ಅದು. ಹಕ್ಕಳೆಯ ಜೊತೆಗೆ ಸಾಲ ಮಾಡಿ ನೆಡಿಸಿದ್ದ ಕೂದಲಿನ ಬೇರುಗಳನ್ನೂ ಅವನು ಕಿತ್ತುಹಾಕಿದ್ದ.

ನಿಕಾಹ್‌ಗೆ ಮುಂಚೆ ತಲೆ ತುಂಬಿಸಿಕೊಳ್ಳಬೇಕು ಎಂಬ ಆಸೆಯಿಂದ ನಮ್ಮ ಹುಡುಗರು ಬೆಂಗಳೂರು, ಪುಣೆ, ಮುಂಬೈ ಎಂದು ಹೋಗಿ ಬರುತ್ತಿದ್ದಾರೆ. ಗಲ್ಫ್‌ನಲ್ಲಿ ದುಡಿಯುವವರು ಅಲ್ಲೇ ಮಾಡಿಸಿಕೊಳ್ಳುತ್ತಾರೆ. ಶಸ್ತ್ರಕ್ರಿಯೆ ಅಲ್ಲಿ ಆದರೂ ಆರೈಕೆ ನಡೆಯುವುದು ನಮ್ಮ ಮನೆಯ ಬಚ್ಚಲಿನಲ್ಲಿ. ಕೆಡುಕು ಆಗುವುದೂ ಹೆಚ್ಚಾಗಿ ಅಲ್ಲೇ. ಆದ್ದರಿಂದ ಈ ವಿಷಯವನ್ನು ತಾಯಂದಿರೂ ಅಣ್ಣತಮ್ಮಂದಿರೂ ತಿಳಿದಿರಬೇಕು.

ಕಸಿ ಎಂದರೆ ಏನು?

ತಲೆಯ ಹಿಂಭಾಗದ ಕೂದಲು ಸಾಮಾನ್ಯವಾಗಿ ಉದುರುವುದಿಲ್ಲ. ಅಲ್ಲಿಂದ ಬೇರುಸಹಿತ ತೆಗೆದು ಬೋಳಾದ ಜಾಗದಲ್ಲಿ ಒಂದೊಂದಾಗಿ ನೆಡುವುದೇ ಕಸಿ. ಜಪಾನಿನ ಚರ್ಮವೈದ್ಯ ಓಕುಡಾ 1939ರಲ್ಲೇ ಇಂಥ ಪ್ರಯೋಗದ ಬಗ್ಗೆ ಬರೆದಿದ್ದರು. ತೆಗೆದು ನೆಟ್ಟ ಕೂದಲು ಹೊಸ ಜಾಗದಲ್ಲೂ ತನ್ನ ಮೂಲ ಗುಣವನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ನ್ಯೂಯಾರ್ಕಿನ ವೈದ್ಯ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದರು. ಇಂದಿನ ಶಸ್ತ್ರಕ್ರಿಯೆ ನಿಂತಿರುವುದು ಈ ತತ್ವದ ಮೇಲೆಯೇ.

ಹೊಲದಲ್ಲಿ ಈರುಳ್ಳಿ ಸಸಿ ನಾಟಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿ ಮಾಡಿದ ಮರುದಿನ ಸಸಿ ಎಳೆದರೆ ಕೈಗೆ ಬರುತ್ತದೆ, ಬೇರು ಹಿಡಿದ ಮೇಲೆ ಬರುವುದಿಲ್ಲ. ತಲೆಯಲ್ಲಿ ಬೇರು ಹಿಡಿಯಲು ಎಷ್ಟು ದಿನ ಬೇಕು? 2006ರಲ್ಲಿ ಅಮೆರಿಕದ ಇಬ್ಬರು ಶಸ್ತ್ರವೈದ್ಯರು ಇದನ್ನೇ ಪರೀಕ್ಷಿಸಿ ನೋಡಿದರು. ಮೊದಲ ಎರಡು ದಿನ ಕೂದಲನ್ನು ಎಳೆದರೆ ಬೇರು ಕಿತ್ತು ಬರುತ್ತಿತ್ತು. ಅಂಟಿಕೊಂಡ ಹಕ್ಕಳೆಯನ್ನು ಎಳೆದರೆ ಐದನೆಯ ದಿನದವರೆಗೂ ಬೇರು ಹೋಗುತ್ತಿತ್ತು. ಒಂಬತ್ತು ದಿನ ಕಳೆದ ಮೇಲೆ ಆ ಅಪಾಯ ಉಳಿಯಲಿಲ್ಲ. ಮೊದಲ ಹತ್ತು ದಿನ ತಲೆ ತಿಕ್ಕಬೇಡಿ ಎನ್ನುವುದಕ್ಕೆ ಕಾರಣ ಇದು.

ಔಷಧಿ ಶಾಂಪೂ ಮಾಡುವ ಕೆಲಸ

ತಲೆಹೊಟ್ಟನ್ನು ಯುನಾನಿಯಲ್ಲಿ ಬಫಾ ಅಥವಾ ಹಝಾಝ್ ಎನ್ನುತ್ತೇವೆ. ಎಲ್ಲರ ನೆತ್ತಿಯಲ್ಲೂ ಇರುವ ಮಲಸೇಝಿಯಾ ಎಂಬ ಸೂಕ್ಷ್ಮ ಫಂಗಸ್‌ಗೆ ಕೆಲವರ ಚರ್ಮ ಕೆರಳಿದಾಗ ಇದು ಹೆಚ್ಚುತ್ತದೆ. ಕೀಟೋಕೊನಝೋಲ್ ಶಾಂಪೂ ಆ ಫಂಗಸ್ಸಿನ ಹೊರಪೊರೆ ಕಟ್ಟಿಕೊಳ್ಳದಂತೆ ತಡೆಯುತ್ತದೆ. ಒಳ್ಳೆಯ ಔಷಧಿ, ನಾನೂ ಬರೆದುಕೊಡುತ್ತೇನೆ. 2 ಶೇಕಡಾ ಶಾಂಪೂವನ್ನು ವಾರಕ್ಕೆ ಎರಡು ಬಾರಿ, ಎರಡರಿಂದ ನಾಲ್ಕು ವಾರ, ಪ್ರತಿ ಬಾರಿ ಮೂರರಿಂದ ಐದು ನಿಮಿಷ ತಲೆಯ ಮೇಲೆ ಬಿಟ್ಟು ತೊಳೆಯುವುದು ಸಾಮಾನ್ಯ ಕ್ರಮ.

ಆದರೆ ಇದು ಗಾಯಕ್ಕೆ ಹಚ್ಚುವ ಔಷಧಿಯಲ್ಲ. ಅದರಲ್ಲಿ ನೊರೆ ಬರಿಸುವ, ಜಿಡ್ಡು ತೆಗೆಯುವ ರಾಸಾಯನಿಕಗಳೂ ಇರುತ್ತವೆ. ಗಟ್ಟಿಮುಟ್ಟಾದ ಚರ್ಮದಲ್ಲೂ ಕೆಲವರಿಗೆ ಉರಿ, ಒಣಗುವಿಕೆ, ತುರಿಕೆ ಬರುತ್ತದೆ. ಸಾವಿರಾರು ಸೂಜಿಮೊನೆಯಷ್ಟು ಗಾಯಗಳಿರುವ ನೆತ್ತಿಯ ಗತಿ ಏನಾದೀತು? ಸಾಲದ್ದಕ್ಕೆ ಕಸಿಯಾದ ಜಾಗ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಜೋಮು ಹಿಡಿದಂತೆ ಇರುತ್ತದೆ. ಉರಿಯುತ್ತಿದ್ದರೂ, ನೀರು ಅತಿಯಾಗಿ ಬಿಸಿಯಿದ್ದರೂ ಗೊತ್ತಾಗುವುದಿಲ್ಲ.

ಈ ಶಾಂಪೂ ಕೂದಲನ್ನೂ ಬೆಳೆಸುತ್ತದೆ ಎಂದು ಹಲವರು ಕೇಳಿರುತ್ತಾರೆ. 1998ರಲ್ಲಿ ಬೆಲ್ಜಿಯಂನಲ್ಲಿ ನಡೆದ ಸಣ್ಣ ಅಧ್ಯಯನವೊಂದು ಆ ಆಸೆ ಹುಟ್ಟಿಸಿದ್ದು ನಿಜ. ಹಾಗೆಂದು ಹತ್ತು ದಿನ ಕಾಯದೆ ಹಚ್ಚಿಕೊಂಡರೆ ಲಾಭವೇನೂ ಇಲ್ಲ, ನಷ್ಟ ಮಾತ್ರ ಖಚಿತ.

ಯಾವಾಗ, ಹೇಗೆ?

ಕಸಿ ಮಾಡಿದ ವೈದ್ಯರ ಮಾತೇ ಕೊನೆಯ ಮಾತು. ಅವರು ಬರೆದುಕೊಟ್ಟ ಚೀಟಿಗೂ ಈ ಲೇಖನಕ್ಕೂ ವ್ಯತ್ಯಾಸ ಕಂಡರೆ ಚೀಟಿಯನ್ನೇ ಅನುಸರಿಸಿರಿ. ಸಾಮಾನ್ಯವಾಗಿ ನಡೆಯುವ ಕ್ರಮ ಹೀಗಿದೆ.

ಮೊದಲ ಎರಡು ಮೂರು ದಿನ: ವೈದ್ಯರು ಕೊಟ್ಟ ಸಲೈನ್ ಸಿಂಪಡಿಸುವುದು ಮಾತ್ರ. ಕೈ ತಾಗಿಸಬಾರದು.

ನಂತರ ಹತ್ತನೆಯ ದಿನದವರೆಗೆ: ಮಕ್ಕಳಿಗೆ ಹಾಕುವಂಥ ಸೌಮ್ಯ ಶಾಂಪೂವನ್ನು ನೀರಿನಲ್ಲಿ ಕಲಸಿ ನೊರೆ ಮಾಡಿ ಮೆಲ್ಲನೆ ಇಡಬೇಕು. ಮಗ್ಗಿನಿಂದ ಉಗುರುಬೆಚ್ಚಗಿನ ನೀರು ಸುರಿದು ತೊಳೆಯಬೇಕು. ನಲ್ಲಿಯ ಅಥವಾ ಶವರ್‌ನ ರಭಸ ನೇರವಾಗಿ ಬೀಳಬಾರದು. ಟವೆಲ್‌ನಿಂದ ಒರೆಸದೆ ಹಾಗೆಯೇ ಆರಲು ಬಿಡಬೇಕು.

ಹತ್ತರಿಂದ ಹದಿನಾಲ್ಕು ದಿನ: ಹಕ್ಕಳೆ ತಾನಾಗಿ ಮೆತ್ತಗಾಗಿ ಉದುರುತ್ತದೆ. ಉಗುರಿನಿಂದ ಕೆರೆಯಬಾರದು.

ಔಷಧಿ ಶಾಂಪೂ: ಹಕ್ಕಳೆ ಪೂರ್ತಿ ಹೋಗಿ, ಕೆಂಪು ಇಳಿದು, ಎಲ್ಲೂ ಹಸಿ ಗಾಯ ಇಲ್ಲದಿರುವಾಗ ಮಾತ್ರ. ಅಂದರೆ ಎರಡರಿಂದ ನಾಲ್ಕು ವಾರದ ನಂತರ, ಅದೂ ವೈದ್ಯರು ಒಪ್ಪಿದರೆ. ಮೊದಲ ಸಲ ತಲೆಯ ಒಂದು ಬದಿಗೆ ಸ್ವಲ್ಪವೇ ಹಚ್ಚಿ ನೋಡಿರಿ. ಬೆರಳ ತುದಿಯಿಂದ ಹಚ್ಚಬೇಕೇ ಹೊರತು ಉಗುರಿನಿಂದಲ್ಲ. ಕಣ್ಣಿಗೆ ಇಳಿಯದಂತೆ ತಲೆಯನ್ನು ಹಿಂದಕ್ಕೆ ವಾಲಿಸಿರಿ. ಉರಿ ಹೆಚ್ಚಾದರೆ ತಕ್ಷಣ ತೊಳೆದು ನಿಲ್ಲಿಸಿರಿ.

ಮೂರರಿಂದ ಎಂಟನೆಯ ವಾರದ ಒಳಗೆ ನೆಟ್ಟ ಕೂದಲು ಉದುರುವುದು ಸಹಜ. ಅದು ಶಾಂಪೂವಿನ ತಪ್ಪಲ್ಲ. ಬೇರು ಒಳಗಿರುತ್ತದೆ, ಮೂರು ನಾಲ್ಕು ತಿಂಗಳಿಗೆ ಮತ್ತೆ ಚಿಗುರುತ್ತದೆ. ಪೂರ್ತಿ ಫಲ ಕಾಣಲು ಒಂದು ವರ್ಷವೇ ಬೇಕು. ಆದರೆ ದಿನೇ ದಿನೇ ಹೆಚ್ಚುವ ನೋವು, ಕೀವು, ಜ್ವರ, ಚರ್ಮ ಕಪ್ಪಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಶಾಂಪೂವಿನಿಂದ ಅದು ವಾಸಿಯಾಗುವುದಿಲ್ಲ.

ಮೊದಲಿನಿಂದಲೇ ಹೊಟ್ಟು ಇರುವವರು ಕಸಿಗೆ ಮುಂಚೆಯೇ ಅದನ್ನು ಗುಣಪಡಿಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ.

ಮನೆಮದ್ದು ಮತ್ತು ನಮ್ಮ ಮದ್ದು

ಕೊಲ್ಹಾರದ ಮಡಕೆ ಮೊಸರಿನ ರುಚಿಗೆ ಸಾಟಿಯಿಲ್ಲ. ಹೊಟ್ಟಿಗೆ ಹುಳಿಮೊಸರು ಹಚ್ಚುವ ರೂಢಿಯೂ ಮನೆಮನೆಯಲ್ಲಿದೆ. ಕಸಿಯಾದವರು ಮೊಸರನ್ನು ಊಟಕ್ಕೆ ಇಟ್ಟುಕೊಳ್ಳಲಿ, ತಲೆಗೆ ಬೇಡ. ನಿಂಬೆರಸ, ಈರುಳ್ಳಿ ರಸ, ಸಿರ್ಕಾ, ಬೇವಿನ ಅರೆದ ಎಲೆ, ಇವೂ ಬೇಡ. ನಮ್ಮ ಯುನಾನಿಯ ರೋಗನ್ ಆಮ್ಲಾ, ರೋಗನ್ ಬೈಝಾ ಸಹ ಈ ದಿನಗಳಲ್ಲಿ ಕೂಡದು. ಹಸಿ ಗಾಯದ ಮೇಲೆ ಎಣ್ಣೆ ತಿಕ್ಕು ಎಂದು ತಿಳಿದ ಹಕೀಮನು ಹೇಳುವುದಿಲ್ಲ. ಮೆಹಂದಿ, ಕಪ್ಪು ಬಣ್ಣ ಇವುಗಳಿಗೂ ವೈದ್ಯರು ಒಪ್ಪುವವರೆಗೆ ರಜೆ. ತಲೆಯ ಮೇಲೆ ಹಿಜಾಮಾ ಮಾಡಿಸುವವರು ಕಸಿಯಾಗಿರುವುದನ್ನು ಮೊದಲೇ ತಿಳಿಸಬೇಕು. ಗಾಯ ಪೂರ್ತಿ ಮಾಯುವ ಮುಂಚೆ ಆ ಜಾಗಕ್ಕೆ ಬ್ಲೇಡು ತಾಗಿಸುವಂತಿಲ್ಲ.

ಇನ್ನೊಂದು ದೊಡ್ಡ ಕೆಡುಕು ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಫಂಗಸ್ ಮುಲಾಮು. ಅವುಗಳಲ್ಲಿ ಅನೇಕವು ಸ್ಟಿರಾಯ್ಡ್ ಬೆರೆತವು. ತುರಿಕೆ ಎರಡು ದಿನ ಅಡಗುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ. ಗಜಕರ್ಣ ನಮ್ಮಲ್ಲಿ ಇಷ್ಟು ಹಟಮಾರಿಯಾಗಲು ಇಂಥ ಮುಲಾಮುಗಳೂ ಕಾರಣ. ಗುಟ್ಕಾ, ಬೀಡಿ ಬಿಡದವರ ಗಾಯ ನಿಧಾನವಾಗಿ ಮಾಯುತ್ತದೆ ಎಂಬುದೂ ನೆನಪಿರಲಿ.

ವುಝೂ, ಗುಸ್ಲ್, ಸಜ್ದಾ

"ವುಝೂ ಮಾಡುವಾಗ ತಲೆ ಸವರಬೇಕಲ್ಲ? ಜುಮಾದ ದಿನ ಸ್ನಾನ ಬಿಡುವುದು ಹೇಗೆ?" ಎಂದು ಆ ಯುವಕ ಕೇಳಿದ. ಅವನು ತಿಕ್ಕಿ ಸ್ನಾನ ಮಾಡಿದ್ದೂ ಗುರುವಾರ ರಾತ್ರಿಯೇ.

ಅಬೂದಾವೂದ್‌ನಲ್ಲಿ ಒಂದು ಘಟನೆ ಬರುತ್ತದೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಗಾಯವಾಗಿತ್ತು. ಅವರಿಗೆ ಗುಸ್ಲ್ ಕಡ್ಡಾಯವಾಯಿತು. ತಯಮ್ಮುಮ್‌ಗೆ ಅವಕಾಶವಿದೆಯೇ ಎಂದು ಜೊತೆಗಿದ್ದವರನ್ನು ಕೇಳಿದರು. ಇಲ್ಲ ಎಂದರು. ಅವರು ಸ್ನಾನ ಮಾಡಿದರು, ಮರಣ ಹೊಂದಿದರು. ಸುದ್ದಿ ಪ್ರವಾದಿಯವರಿಗೆ(ಸ) ಮುಟ್ಟಿದಾಗ ತಪ್ಪು ಹೇಳಿಕೊಟ್ಟವರನ್ನು ಅವರು ಕಟುವಾಗಿ ಖಂಡಿಸಿದರು. ಗೊತ್ತಿಲ್ಲದಿದ್ದಾಗ ಕೇಳುವುದೇ ಅಜ್ಞಾನಕ್ಕೆ ಮದ್ದು ಎಂದು ಬೋಧಿಸಿದರು. ತಲೆಯ ಗಾಯಕ್ಕೂ ನೀರಿಗೂ ಸಂಬಂಧಿಸಿದ ಇಷ್ಟು ಸ್ಪಷ್ಟವಾದ ಪಾಠ ನಮ್ಮಲ್ಲಿರುವಾಗ ಯಾರೂ ಹೆದರಿ ಗಾಯ ತಿಕ್ಕಬೇಕಾಗಿಲ್ಲ.

ನೀರಿನಿಂದ ಹಾನಿಯಾಗುವುದೆಂದು ವೈದ್ಯರು ಹೇಳಿದರೆ ದೀನ್‌ನಲ್ಲಿ ರಿಯಾಯಿತಿ ಇದೆ. ಮಸಹ್ ಎಲ್ಲಿ, ಎಷ್ಟು, ತಯಮ್ಮುಮ್ ಯಾವಾಗ ಎಂಬುದನ್ನು ನಿಮ್ಮ ಮಸೀದಿಯ ಆಲಿಮರಲ್ಲಿ ಕೇಳಿರಿ. ಮೊದಲ ಕೆಲವು ದಿನ ತಲೆ ಬಗ್ಗಿಸಬಾರದೆಂದು ವೈದ್ಯರು ಹೇಳಿದ್ದರೆ ಸಜ್ದಾವನ್ನು ಸನ್ನೆಯಲ್ಲಿ ಮಾಡುವ ಬಗ್ಗೆಯೂ ಅವರಲ್ಲೇ ಕೇಳಿರಿ. ಉಮ್ರಾಕ್ಕೆ ಹೊರಟವರು ಕಸಿಯ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಲಿ. ತಲೆ ಬೋಳಿಸುವ ಬದಲು ಕೂದಲು ಕತ್ತರಿಸಲು ಅವಕಾಶವಿದೆ. ಇಹ್ರಾಮ್‌ನಲ್ಲಿ ಸುವಾಸನೆಯ ಶಾಂಪೂ ಸಲ್ಲದು, ಔಷಧಿ ಶಾಂಪೂಗಳಲ್ಲೂ ಬಹಳಷ್ಟು ಸುವಾಸನೆ ಬೆರೆತಿರುತ್ತವೆ.

ಯಾರ ಕೈಗೆ ತಲೆ ಕೊಡುತ್ತೀರಿ?

ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲಿ ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ವಿಡಿಯೋ ನೋಡಿ, ಕಾರ್ಯಾಗಾರಕ್ಕೆ ಹೋಗಿ ಬಂದು ಕಲಿತವರು ಇದನ್ನು ಮಾಡಬಾರದು, ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ತರಬೇತಿ ಪಡೆದ ವೈದ್ಯರೇ ಮಾಡಬೇಕು ಎಂಬುದು ಅದರ ಸಾರ. ಆದರೂ 2025ರಲ್ಲಿ ಕಾನ್ಪುರದಿಂದ ಕಸಿಯ ನಂತರದ ಸಾವಿನ ಸುದ್ದಿ ಬಂತು, ಬಂಧನಕ್ಕೊಳಗಾದವರು ದಂತವೈದ್ಯೆ. ನನ್ನದೇ ವೃತ್ತಿಯವರಿಗೂ ಹೇಳುತ್ತೇನೆ: ಯುನಾನಿ ಪದವಿ ಕೂದಲು ಕಸಿ ಮಾಡಲು ಪರವಾನಗಿಯಲ್ಲ. ಬಂದ ರೋಗಿಗೆ "ಶಸ್ತ್ರಕ್ರಿಯೆ ಆಗಿದೆಯೇ?" ಎಂದು ಕೇಳದೆ ಶಾಂಪೂ ಬರೆದುಕೊಡುವುದೂ ತಪ್ಪೇ. ಮೆಡಿಕಲ್ ಅಂಗಡಿಯವರಿಗೂ ಈ ಮಾತು ಅನ್ವಯಿಸುತ್ತದೆ.

ಆದರೆ ಆ ಯುವಕ ಅಂಗಡಿಯಲ್ಲಿ ನಿಜ ಹೇಳಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ. "ಹೆಣ್ಣಿನ ಕಡೆಯವರಿಗೆ ಗೊತ್ತಾದರೆ?" ಎಂಬ ಅಂಜಿಕೆ. ಕಸಿ ಮಾಡಿದವರಿಗೆ ಫೋನ್ ಮಾಡಲೂ ನಾಚಿಕೊಂಡಿದ್ದ. ಕಳೆದುಹೋದ ತನ್ನದೇ ಕೂದಲನ್ನು ಮರಳಿ ನೆಡಿಸಿಕೊಳ್ಳುವುದು ಸೃಷ್ಟಿಯನ್ನು ಬದಲಿಸುವುದಲ್ಲ, ಚಿಕಿತ್ಸೆ ಎಂದು ಅನೇಕ ಉಲಮಾಗಳು ಅಭಿಪ್ರಾಯಪಟ್ಟಿದ್ದಾರೆ. ಹಾಗಿರುವಾಗ ಮುಚ್ಚಿಡುವುದೇಕೆ? ಬೋಳುತಲೆಯೂ ಐಬಲ್ಲ, ಕಸಿಯೂ ಅಪರಾಧವಲ್ಲ. ಹೆಣ್ಣು ಕೊಡುವವರು ಹುಡುಗನ ನಡತೆ ನೋಡಲಿ, ಅವನ ನೆತ್ತಿಯನ್ನಲ್ಲ.

ನಾನು ಅವನ ಫೋನಿನಿಂದಲೇ ಆ ವೈದ್ಯರಿಗೆ ಕರೆ ಮಾಡಿಸಿದೆ. ಅವರು ಹೇಳಿದ ಔಷಧಿ ಶುರುವಾಯಿತು, ಶಾಂಪೂ ಬಾಟಲಿ ಕಪಾಟು ಸೇರಿತು. ಸಂಜೆ ಅವನ ಅಮ್ಮಿಯನ್ನೂ ಕರೆಸಿ ತಲೆಗೆ ಹೇಗೆ ನೀರು ಸುರಿಯಬೇಕೆಂದು ತೋರಿಸಿದೆ. ಆಕೆ ಬೈಯಲಿಲ್ಲ. "ಮೊದಲೇ ಹೇಳಿದ್ರ ನಾನೇ ನೀರು ಹಾಕ್ತಿದ್ದೆನಲ್ಲೋ" ಎಂದರು.