ಪ್ರಳಯದ ನಡಿಗೆ

ಲೋಕಾಂತ್ಯವನ್ನು ವಸ್ತುವಾಗಿ ಉಳ್ಳ ಭಯಾನಕ ಕಾದಂಬರಿಗಳು ಕನ್ನಡದಲ್ಲಿ ವಿರಳ. ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯ ತರುಣರು ಕೆಲವರು ಈಚೆಗೆ ಆ ದಿಕ್ಕಿಗೆ ಕೈಹಾಕುತ್ತಿರುವುದು ನಮಗೆ ಸಂತೋಷದ ಸಂಗತಿಯೇ. ಆದರೆ ನಾವು ಓದಿದ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಒಂದೇ ಕಡೆಯಲ್ಲಿ ಎಡವುತ್ತವೆ. ಮೊದಲ ಪುಟದಲ್ಲಿ ಆಕಾಶ ಬಿರಿಯುತ್ತದೆ. ಮೂರನೆಯದರಲ್ಲಿ ಊರು ಸ್ಮಶಾನವಾಗುತ್ತದೆ. ಹತ್ತನೆಯದನ್ನು ಮುಟ್ಟುವ ಹೊತ್ತಿಗೆ ವಾಚಕನು ಆಕಳಿಸುತ್ತಾನೆ. ನಡೆದದ್ದು ಅಸಂಭವವೆಂದು ಅವನು ಆಕಳಿಸುವುದಲ್ಲ. ಸಂಭವನೀಯವಾಗಿ ತೋರುವ ಅಸಾಧ್ಯವನ್ನು ಕಾವ್ಯವು ಧಾರಾಳವಾಗಿ ಒಪ್ಪುತ್ತದೆಂದು ಅರಿಸ್ಟಾಟಲನೇ ಹೇಳಿದ್ದಾನೆ. ಅನರ್ಥವು ಬರುವುದಕ್ಕೆ ಹೊತ್ತು ಹಿಡಿಯಲಿಲ್ಲ ಎಂಬುದೇ ಇಲ್ಲಿಯ ತೊಡಕು.

ಭೀಮಾತೀರದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ, ವೀರ ಜಲಾಶಯಗಳಿಂದ ನೀರು ಬಿಟ್ಟಾಗ ಆ ಸುದ್ದಿಯು ನೀರಿಗಿಂತ ಮುಂಚೆಯೇ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳನ್ನು ತಲುಪಿತ್ತು. ಸುದ್ದಿಗೂ ನೀರಿಗೂ ನಡುವೆ ಉಳಿದ ಆ ಕಾಲವೇ ನಿಜವಾದ ಕಾದಂಬರಿ. ಅಂಥ ಹೊತ್ತಿನಲ್ಲಿ ಮನುಷ್ಯನು ಕೂಡಲೇ ಓಡಿಹೋಗುವುದಿಲ್ಲ. ಹಿಂದಿನ ಹೊಳೆ ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯ ಮೇಲಿನ ಗುರುತನ್ನು ನೋಡುತ್ತಾನೆ; ಜೋಳದ ಚೀಲಗಳನ್ನು ಅಟ್ಟಕ್ಕೆ ಏರಿಸುತ್ತಾನೆ; ಎಮ್ಮೆಯನ್ನು ಬಿಚ್ಚಲೋ ಬೇಡವೋ ಎಂದು ಹೆಂಡತಿಯೊಡನೆ ವಾದಿಸುತ್ತಾನೆ. ಈ ವಾದವನ್ನು ಬರೆಯಬಲ್ಲವನು ಮುಂದೆ ಎಷ್ಟು ನೀರನ್ನು ತಂದರೂ ನಾವು ನಂಬುತ್ತೇವೆ.

ಹೊಳೆಯಿಲ್ಲದ ಎರೆಹೊಲಗಳ ಭಯದ ಗತಿಯೇ ಬೇರೆ. ತೊಗರಿಯ ನೆಟೆರೋಗವನ್ನು ಕಂಡ ರೈತನನ್ನು ಕೇಳಬೇಕು. ರೋಗವು ಮಣ್ಣಿನಲ್ಲಿದ್ದು ಬೇರಿನಿಂದ ಒಳಹೊಗುತ್ತದೆ. ಗಿಡ ಮಾತ್ರ ಹಸುರಾಗಿಯೇ ನಿಂತಿರುತ್ತದೆ. ಹೂವು ಕಾಯಿಗಳ ಕಾಲಕ್ಕೆ ಇಲ್ಲೊಂದು ಅಲ್ಲೊಂದು ಬಾಡಿ, ನೋಡುನೋಡುತ್ತಿರುವಂತೆ ಹೊಲವೇ ಒಣಗಿ ನಿಲ್ಲುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯು ಇದನ್ನು ಅನುಭವಿಸಿತು. ಕಾಂಡವನ್ನು ಸೀಳಿದಾಗ ಕಾಣುವ ಕಪ್ಪು ಗೆರೆಗಿಂತ ಭೀಕರವಾದ ಭೂತವನ್ನು ನಮ್ಮ ತರುಣರು ಎಲ್ಲಿಂದ ಆಮದು ಮಾಡಿಕೊಳ್ಳುತ್ತಾರೋ ಕಾಣೆವು.

ಕನ್ನಡದಲ್ಲಿ ಈ ಹದವನ್ನು ಕಲಿಯಲು 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’ವಿದೆ. ಅದನ್ನು ಧರ್ಮಜಿಜ್ಞಾಸೆಯ ಕೃತಿಯೆಂದೇ ನಾವು ಪಾಠ ಹೇಳುತ್ತೇವೆ. ಭಯಾನಕ ರಸದ ದೃಷ್ಟಿಯಿಂದ ನೋಡುವವರು ಕಡಮೆ. ನಾರಣಪ್ಪನ ಹೆಣ ಬಿದ್ದಿದೆ, ಸಂಸ್ಕಾರ ಯಾರು ಮಾಡಬೇಕೆಂಬ ಚರ್ಚೆ ಮುಗಿಯದು, ಅಲ್ಲಿಯವರೆಗೆ ಅಗ್ರಹಾರಕ್ಕೆ ಊಟವಿಲ್ಲ. ಹಸಿವೇ ಇಲ್ಲಿಯ ಗಡಿಯಾರ. ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಇಳಿಯುತ್ತವೆ. ಪ್ಲೇಗು ಎಂಬ ಹೆಸರು ಬಾಯಿಗೆ ಬರುವ ಮೊದಲೇ ನಮಗೆ ಅದರ ವಾಸನೆ ಹತ್ತಿರುತ್ತದೆ, ಪಾತ್ರಗಳಿಗೆ ಹತ್ತಿರುವುದಿಲ್ಲ. ವಾಚಕನ ಅರಿವಿಗೂ ಪಾತ್ರದ ಅರಿವಿಗೂ ನಡುವಿನ ಈ ಅಂತರದಲ್ಲಿ ಭಯವು ಬೆಳೆಯುತ್ತದೆ. ಆಂಗ್ಲ ಲೇಖಕ ವೆಲ್ಸನೂ 1898ರ ತನ್ನ ‘ಲೋಕಗಳ ಯುದ್ಧ’ದಲ್ಲಿ ಮಂಗಳಗ್ರಹದವರು ಬಂದಿಳಿದ ಮೇಲೂ ಪಕ್ಕದ ಊರಿನ ಜನರನ್ನು ಎಂದಿನಂತೆ ಉಣ್ಣಲು, ಮಲಗಲು ಬಿಟ್ಟಿದ್ದಾನೆ.

ತೇಜಸ್ವಿಯವರ ‘ಚಿದಂಬರ ರಹಸ್ಯ’ದ (1985) ಕೊನೆಯ ಬೆಂಕಿಯು ಅವಸರದ್ದೆಂದು ಯಾರಾದರೂ ಆಕ್ಷೇಪಿಸಬಹುದು. ನಾವು ಒಪ್ಪೆವು. ಕೆಸರೂರಿನ ಜಗಳ, ಸಂಶಯ, ಏಲಕ್ಕಿಯ ಅವನತಿ ಎಲ್ಲವೂ ನೂರಾರು ಪುಟಗಳಿಂದ ಒಣಗುತ್ತ ಬಂದ ಸೌದೆಯಲ್ಲದೆ ಮತ್ತೇನು? ಕಡ್ಡಿ ಗೀರುವುದಕ್ಕೆ ಎಷ್ಟು ಪುಟ ಬೇಕು!

ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ನಮ್ಮ ಸೀಮೆಯವರೇ ಆದ ಕೊಡೇಕಲ್ಲು ಬಸವಣ್ಣನವರ ಕಾಲಜ್ಞಾನವು ಮುಂಬರುವ ಅನರ್ಥಗಳನ್ನು ಪೀಠಿಕೆಯಿಲ್ಲದೆ ನುಡಿಯುತ್ತದೆ. ಆದರೂ ಜನ ನಂಬಿದರಲ್ಲವೆ? ನಂಬಿದರು, ನಿಜ. ಆದರೆ ಅಲ್ಲಿ ನಂಬಿಕೆಯು ನುಡಿದವರ ಮೇಲಿನದು. ಕಾದಂಬರಿಕಾರನಿಗೆ ಗದ್ದುಗೆಯಿಲ್ಲ, ಭಕ್ತರಿಲ್ಲ. ಅವನು ಪ್ರತಿಯೊಂದು ಪುಟದಲ್ಲಿಯೂ ನಂಬಿಕೆಯನ್ನು ದುಡಿದೇ ಗಳಿಸಬೇಕು.

ಹೇಳಬೇಕಾದ ಮತ್ತೊಂದು ಮಾತಿದೆ. ಹಸ್ತಪ್ರತಿಗಳೆಲ್ಲ ಹೊಳೆ ಏರಿದಲ್ಲಿಗೇ ನಿಂತುಬಿಡುತ್ತವೆ. ಇಳಿದ ಮರುದಿನ ಏನಾಯಿತು? ಅಟ್ಟದ ಮೇಲಿನ ಜೋಳವೂ ನೆನೆದು ಚೀಲದೊಳಗೇ ಮೊಳಕೆಯೊಡೆದ ವಾಸನೆ, ಕಣಿಕೆಯ ಬಣವಿ ಇದ್ದ ಜಾಗದಲ್ಲಿ ಮೊಣಕಾಲುದ್ದದ ಎರೆಕೆಸರು, ಮರಳಿ ಬಂದ ಎಮ್ಮೆಗೆ ಮೇವಿಲ್ಲದ ಬೆಳಗು: ಇವುಗಳನ್ನು ಬರೆದ ಒಂದು ಅಧ್ಯಾಯವನ್ನೂ ನಾವು ಈವರೆಗೆ ಓದಿಲ್ಲ.